ಕಲ್ಲು ಹೊಟ್ಟೆಯಲ್ಲಿ, ಹೆಸರು ಪಾಳಿಯಲ್ಲಿ

ನಮ್ಮ ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಹತ್ತಿಯ ಹಂಗಾಮು ಆರಂಭವಾಯಿತೆಂದರೆ ಜಿನ್ನಿಂಗ್ ಮಿಲ್ಲುಗಳಿಗೆ ಹಗಲು ರಾತ್ರಿಯ ಭೇದವಿರುವುದಿಲ್ಲ. ಆ ನಾಲ್ಕೈದು ತಿಂಗಳ ದುಡಿಮೆಯಲ್ಲಿಯೇ ವರ್ಷದ ಸಾಲ ತೀರಬೇಕು, ಮಗಳ ಮದುವೆ ಆಗಬೇಕು, ಸೋರುವ ಮಾಳಿಗೆ ರಿಪೇರಿಯಾಗಬೇಕು. ಇಂಥ ಹೊತ್ತಿನಲ್ಲಿಯೇ ಒಬ್ಬ ಕೂಲಿಕಾರನಿಗೆ ಹೊಟ್ಟೆನೋವು ಹತ್ತುತ್ತದೆ. ಸ್ಕ್ಯಾನಿಂಗ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲು. ಕೊಯ್ದು ತೆಗೆಯಬೇಕು ಎಂದು ಡಾಕ್ಟರರು ಹೇಳುತ್ತಾರೆ. ಯಾವಾಗ ಎಂದು ಕೇಳಿದರೆ, ‘ಪಾಳಿ ಬಂದಾಗ’ ಎಂಬ ಉತ್ತರ ಬರುತ್ತದೆ. ಕೇಳಿದ ಪ್ರಶ್ನೆಗೂ ಬರುವ ಪಾಳಿಗೂ ನಡುವೆ ಕಳೆದುಹೋಗುವ ತಿಂಗಳುಗಳ ಲೆಕ್ಕ ಯಾರ ಪುಸ್ತಕದಲ್ಲಿದೆ? ಆ ತಿಂಗಳುಗಳಲ್ಲಿ ಆ ಮನುಷ್ಯ ಹೇಗೆ ಉಣ್ಣುತ್ತಾನೆ, ಹೇಗೆ ಮಲಗುತ್ತಾನೆ, ಹೇಗೆ ಚೀಲ ಹೊರುತ್ತಾನೆ ಎಂದು ಕೇಳುವವರು ಯಾರು? ಇಂದಿನ ನಮ್ಮ ಮಾತು ಇದರ ಬಗ್ಗೆಯೇ.

ಇದು ತಿಂದುಂಡು ಕೊಬ್ಬಿದವರ ರೋಗ, ದುಡಿಯುವವರಿಗೆ ಬರುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. ಅರ್ಧ ಮಾತು ನಿಜ. ಮೈ ಬೊಜ್ಜು ಇದಕ್ಕೆ ಒಂದು ಕಾರಣ. ಆದರೆ ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ ಮಕ್ಕಳನ್ನು ಹೆತ್ತವರಲ್ಲಿ, ಇದು ಹೆಚ್ಚು. ವಯಸ್ಸು ನಲವತ್ತು ದಾಟಿದಂತೆ ಹೆಚ್ಚುತ್ತದೆ. ಹೊಟ್ಟೆಗೆ ಬಹಳ ಹೊತ್ತು ಏನೂ ಹಾಕದೆ ಇರುವವರಿಗೂ, ಸರ್ರನೆ ಮೈ ಇಳಿದವರಿಗೂ ಬರುತ್ತದೆ. ಹತ್ತಿ ಬಿಡಿಸುವ ನಮ್ಮ ತಾಯಂದಿರು ಬೆಳಿಗ್ಗೆ ಒಂದು ಕಪ್ಪು ಚಹಾದ ಮೇಲೆ ಮಧ್ಯಾಹ್ನ ಮೂರರ ತನಕ ಹೊಲದಲ್ಲಿ ನಿಲ್ಲುತ್ತಾರೆ. ಅವರಿಗೆ ಈ ರೋಗ ಬರಬಾರದು ಎಂದು ಯಾವ ವೈದ್ಯಶಾಸ್ತ್ರವೂ ಬರೆದಿಲ್ಲ.

ಪಿತ್ತ ನೆತ್ತಿಗೇರಿತು ಎಂದು ನಾವು ಆಡುತ್ತೇವೆ. ವಾಸ್ತವದಲ್ಲಿ ಪಿತ್ತ ಏರುವುದಿಲ್ಲ, ಇಳಿಯುತ್ತದೆ. ಲಿವರ್ ಎಂದು ಎಲ್ಲರೂ ಕರೆಯುವ ಯಕೃತ್ತು ಅದನ್ನು ತಯಾರಿಸುತ್ತದೆ, ಅದರ ಕೆಳಗೆ ಅಂಟಿಕೊಂಡಿರುವ ಸಣ್ಣ ಚೀಲ ಅದನ್ನು ಕೂಡಿಡುತ್ತದೆ. ಎಣ್ಣೆ ತುಪ್ಪದ ಊಟ ಹೊಟ್ಟೆಗಿಳಿದಾಗ ಈ ಚೀಲ ಹಿಂಡಿಕೊಂಡು ಪಿತ್ತವನ್ನು ಕರುಳಿಗೆ ಬಿಡುತ್ತದೆ. ಒಳಗಿನ ಪಿತ್ತ ಗಟ್ಟಿಯಾಗಿ ಕಲ್ಲುಗಟ್ಟಿದ್ದರೆ, ಹಿಂಡುವಾಗ ಕಲ್ಲು ಬಾಯಿಗೆ ಬಂದು ಸಿಕ್ಕಿಬೀಳುತ್ತದೆ. ಆಗ ಬರುವ ನೋವು ಅನುಭವಿಸಿದವನಿಗೇ ಗೊತ್ತು. ಬಲಗಡೆಯ ಪಕ್ಕೆಲುಬಿನ ಕೆಳಗೆ ಅಥವಾ ಎದೆಗುಂಡಿಗೆಯ ಕೆಳಗಿನ ಕುಳಿಯಲ್ಲಿ ಹುಟ್ಟಿ, ಬೆನ್ನಿಗೂ ಬಲ ಹೆಗಲಿಗೂ ಹಬ್ಬುತ್ತದೆ. ಅರ್ಧ ತಾಸಿನಿಂದ ನಾಲ್ಕೈದು ತಾಸು ಬಿಡದೆ ಹಿಡಿಯುತ್ತದೆ. ಕುಂತರೂ ಇಲ್ಲ, ಮಲಗಿದರೂ ಇಲ್ಲ, ವಾಂತಿಯಾದರೂ ಇಲ್ಲ. ಹೆಚ್ಚಾಗಿ ರಾತ್ರಿಯೇ ಬರುವುದರಿಂದ ಇಡೀ ಮನೆ ಎಚ್ಚರವಾಗುತ್ತದೆ.

‘ಏನಿಲ್ಲೋ, ಗ್ಯಾಸ್ ಆಗ್ಯಾದ, ಸೋಡಾ ಕುಡಿ’ ಎಂದು ಪಕ್ಕದ ಮನೆಯ ಕಾಕಾ ಹೇಳುತ್ತಾನೆ. ಸೋಡಾ ಕುಡಿದ ಒಂದು ತಾಸಿಗೆ ನೋವು ತಾನಾಗಿಯೇ ನಿಂತರೆ ಸೋಡಾಕ್ಕೆ ಕೀರ್ತಿ. ಕಲ್ಲು ಹಿಂದಕ್ಕೆ ಸರಿದದ್ದು ಯಾರಿಗೂ ಕಾಣುವುದಿಲ್ಲ. ಹೀಗೆ ಗ್ಯಾಸಿನ ಗುಳಿಗೆಯ ಮೇಲೆ ವರ್ಷಗಟ್ಟಲೆ ತಳ್ಳಿದವರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ವಯಸ್ಸಾದವರಿಗೆ ಎದೆಗುಂಡಿಗೆಯ ಕೆಳಗೆ ನೋವು ಬಂದು ಬೆವರು, ಏದುಸಿರು ಕೂಡಿದರೆ ಅದು ಕಲ್ಲೋ ಹೃದಯವೋ ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸಬಾರದು. ಮೊದಲು ಇ.ಸಿ.ಜಿ. ತೆಗೆಸಬೇಕು.

ಕಲ್ಲು ಎಂಬ ಒಂದೇ ಹೆಸರಿನಿಂದ ಇನ್ನೊಂದು ಗೊಂದಲ ಹುಟ್ಟಿದೆ. ಮೂತ್ರಪಿಂಡದ ಕಲ್ಲಿಗೆ ಬಾಳೆದಿಂಡಿನ ರಸ ಕುಡಿಯುವ ರೂಢಿ ನಮ್ಮಲ್ಲಿದೆ. ಪಿತ್ತದ ಕಲ್ಲಿಗೂ ಅದನ್ನೇ ಕುಡಿಸುತ್ತಾರೆ. ನೀರು ಹೆಚ್ಚು ಕುಡಿದರೆ ಮೂತ್ರದ ಸಣ್ಣ ಕಲ್ಲು ಹರಿದುಹೋಗಬಹುದು. ಆದರೆ ಪಿತ್ತದ ಚೀಲಕ್ಕೆ ಕುಡಿದ ನೀರು ಹೋಗುವ ದಾರಿಯೇ ಇಲ್ಲ. ಎಣ್ಣೆಯಲ್ಲಿ ನಿಂಬೆರಸ ಬೆರೆಸಿ ರಾತ್ರಿ ಕುಡಿದು, ಬೆಳಿಗ್ಗೆ ಹಸಿರು ಗುಂಡುಗಳು ಬಿದ್ದವು ಎಂದು ತೋರಿಸುವವರೂ ಇದ್ದಾರೆ. ಆ ಗುಂಡುಗಳನ್ನು 2005ರಲ್ಲಿ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದಾಗ ತಿಳಿದದ್ದು ಇಷ್ಟೆ: ಕುಡಿದ ಎಣ್ಣೆಯೇ ಕರುಳಿನಲ್ಲಿ ಸಾಬೂನಾಗಿತ್ತು. ಬೋರಿನ ಸವುಳು ನೀರಿನಿಂದ ಪಿತ್ತದ ಕಲ್ಲಾಗುತ್ತದೆ ಎಂಬ ಮಾತೂ ಸರಿಯಲ್ಲ. ನಮ್ಮ ಹಳ್ಳಿಗಳ ನೀರಿನ ಗತಿ ಏನೆಂಬುದು ಬೇರೆಯೇ ಬರೆಯಬೇಕಾದ ವಿಷಯ. ಆದರೆ ಈ ಕಲ್ಲು ಬಹುಮಟ್ಟಿಗೆ ಪಿತ್ತದೊಳಗಿನ ಕೊಬ್ಬಿನ ಅಂಶದಿಂದ ಆದದ್ದು, ನೀರಿನ ಸುಣ್ಣದಿಂದಲ್ಲ. ಸಣ್ಣ ಕೊಬ್ಬುಗಲ್ಲುಗಳನ್ನು ಕರಗಿಸುವ ಗುಳಿಗೆ ಒಂದಿದೆ ಎಂಬುದು ನಿಜ. ಅದು ಕೆಲವರಿಗಷ್ಟೇ ನಾಟುತ್ತದೆ, ತಿಂಗಳುಗಟ್ಟಲೆ ನುಂಗಬೇಕು, ನಿಲ್ಲಿಸಿದ ಮೇಲೆ ಕಲ್ಲು ಮರಳಿ ಬರುವುದೂ ಉಂಟು.

ಇನ್ನು ಅಂಜಿಕೆಯ ಮಾತು. ನೋವು ತಿಂಗಳಿಗೆ ಒಮ್ಮೆ ಬರಬಹುದು, ಅಂಜಿಕೆ ದಿನಾಲೂ ಬರುತ್ತದೆ. ಇದನ್ನು ಬರೆಯುವವನೂ ಆ ಪಾಳಿಯಲ್ಲಿ ನಾಲ್ಕು ತಿಂಗಳು ನಿಂತವನೇ. ರೇಶನ್ ಕಾರ್ಡು, ಆಧಾರ ಕಾರ್ಡು, ಸ್ಕ್ಯಾನಿಂಗ್ ಚೀಟಿ, ಒಂದು ಲುಂಗಿ, ಒಂದು ಟವೆಲು ತುಂಬಿದ ಕೈಚೀಲ ನಾಲ್ಕೂ ತಿಂಗಳು ಬಾಗಿಲ ಹಿಂದಿನ ಮೊಳೆಗೆ ತೂಗಿತ್ತು. ಮೂರು ಸಲ ತಾರೀಖು ಕೊಟ್ಟರು, ಮೂರು ಸಲವೂ ‘ಬರೋ ವಾರ ಬರ್ರಿ’ ಎಂದರು. ಒಮ್ಮೆ ಅರಿವಳಿಕೆಯ ಡಾಕ್ಟರರು ರಜೆಯ ಮೇಲಿದ್ದರು, ಒಮ್ಮೆ ಹೆರಿಗೆಯ ತುರ್ತು ಬಂದಿತ್ತು, ಒಮ್ಮೆ ಕಾರಣವನ್ನೇ ಹೇಳಲಿಲ್ಲ. ಹೆರಿಗೆಯ ತಾಯಿಗೆ ಮೊದಲ ಪಾಳಿ ಕೊಟ್ಟದ್ದು ನ್ಯಾಯವೇ. ಆದರೆ ಕಾರಣ ಹೇಳದೆ ಮನುಷ್ಯನನ್ನು ಬರಿಹೊಟ್ಟೆಯಲ್ಲಿ ಕೂರಿಸಿ ಸಂಜೆಗೆ ಕಳಿಸುವುದು ಯಾವ ನ್ಯಾಯ?

ಆ ದಿನಗಳಲ್ಲಿ ಮದುವೆಯ ಮನೆಗೆ ಹೋದರೆ ಎಲೆಯ ಮುಂದೆ ಕೂರಲು ಅಂಜಿಕೆ. ಹೋಳಿಗೆಯ ಮೇಲೆ ತುಪ್ಪ ಸುರಿಯಲು ಬಂದವರಿಗೆ ಕೈ ಅಡ್ಡ ಹಿಡಿದರೆ, ‘ಯಾಕ್ರೀ, ಸಿಟ್ಟಾಗೀರೇನು?’ ಎಂದು ಬೀಗರು ಕೇಳುತ್ತಾರೆ. ಮೈಲಾಪುರದ ಜಾತ್ರೆಯಲ್ಲಿ ಮಿರ್ಚಿ ಭಜಿಯ ವಾಸನೆಗೇ ಹೊಟ್ಟೆ ಹಿಡಿದಂತಾಗುತ್ತದೆ. ಸಣ್ಣ ಪಕ್ಕೆನೋವಿಗೂ, ಹಮಾಲಿಯ ಕೆಲಸದಲ್ಲಿ ಬರುವ ಬೆನ್ನುನೋವಿಗೂ, ‘ಬಂತೇ?’ ಎಂಬ ದಿಗಿಲು. ರಾತ್ರಿ ಎರಡು ಗಂಟೆಗೆ ನೋವೆದ್ದರೆ ತಾಂಡಾದಿಂದ ಯಾವ ಗಾಡಿ ಸಿಗುತ್ತದೆ ಎಂಬ ಲೆಕ್ಕ. ಹೆಂಡತಿ ಮಕ್ಕಳಿಗೆ ಹೇಳಿದರೆ ಅವರೂ ಅಂಜುತ್ತಾರೆ ಎಂದು ಗಂಡಸು ಬಾಯಿ ಮುಚ್ಚುತ್ತಾನೆ. ಹೆಂಗಸು ಹೇಳಿದರೂ ಕೇಳುವವರಿಲ್ಲದೆ ಬಾಯಿ ಮುಚ್ಚುತ್ತಾಳೆ. ‘ಮನಸಿಗೆ ಹಚ್ಚಿಕೋಬ್ಯಾಡ’ ಎಂಬ ಸಮಾಧಾನ ಪುಕ್ಕಟೆ ಸಿಗುತ್ತದೆ, ಕೆಲಸಕ್ಕೆ ಬರುವುದಿಲ್ಲ. ಅಂಜಿಕೆಯನ್ನು ಇಳಿಸುವುದು ತಿಳುವಳಿಕೆ ಮತ್ತು ತಾರೀಖು, ಇವೆರಡೇ.

ತಿಳುವಳಿಕೆಯಾದರೂ ನಮ್ಮ ಕೈಯಲ್ಲಿದೆ. ಬೇರೆ ಯಾವುದಕ್ಕೋ ಸ್ಕ್ಯಾನಿಂಗ್ ಮಾಡಿಸಿದಾಗ ಕಲ್ಲು ಕಂಡು, ಒಂದು ದಿನವೂ ನೋವು ಬಾರದಿದ್ದವರು ಸಾಮಾನ್ಯವಾಗಿ ಕೊಯ್ಸಿಕೊಳ್ಳಬೇಕಾಗಿಲ್ಲ. ಇಂಥ 100 ಜನರಲ್ಲಿ 20 ವರ್ಷದೊಳಗೆ ನೋವು ಕಾಣುವವರು ಸುಮಾರು 20 ಮಂದಿ ಮಾತ್ರ. ಹೀಗಿದ್ದೂ ‘ಇವತ್ತೇ ತೆಗೆಸದಿದ್ದರೆ ಒಡೆದುಹೋಗುತ್ತದೆ’ ಎಂದು ಹೆದರಿಸಿ, ಹೊಲ ಅಡವು ಇಡಿಸುವವರು ಇದ್ದಾರೆ. ಅವರ ಮಾತಿಗೆ ಎರಡನೆಯ ಡಾಕ್ಟರರ ಅಭಿಪ್ರಾಯ ಕೇಳಬೇಕು. ನೋವು ಬಂದು ಹೋಗುತ್ತಿರುವವರಿಗೂ ಪ್ರತಿ ದಿನವೂ ಗಂಡಾಂತರವಲ್ಲ. ಬ್ರಿಟನ್ನಿನ 20 ಆಸ್ಪತ್ರೆಗಳಲ್ಲಿ 434 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಪರೀಕ್ಷೆಯೊಂದರ ಫಲ 2023ರಲ್ಲಿ ಪ್ರಕಟವಾಯಿತು. ತೊಡಕಿಲ್ಲದೆ ನೋವಷ್ಟೇ ಇದ್ದ ಆ ರೋಗಿಗಳಲ್ಲಿ, ಕಾದು ನೋಡಿದ ಗುಂಪಿನ ನಾಲ್ಕರಲ್ಲಿ ಒಬ್ಬರಿಗಷ್ಟೇ ಹದಿನೆಂಟು ತಿಂಗಳಲ್ಲಿ ಶಸ್ತ್ರಕ್ರಿಯೆ ಆಯಿತು. ಕಾಯುವುದೆಲ್ಲ ಸಾವಲ್ಲ ಎಂಬುದಕ್ಕೆ ಇದು ಆಧಾರ.

ಆದರೆ ಅಲ್ಲಿ ಕಾದವನಿಗೆ ತೊಡಕಾದ ಕೂಡಲೆ ಹೋಗಲು ಆಸ್ಪತ್ರೆಯಿತ್ತು. ಈ ಗುಟ್ಟನ್ನು ಮರೆಯಬಾರದು. ನೋವು ಐದಾರು ತಾಸಾದರೂ ಬಿಡದಿದ್ದರೆ, ಚಳಿಜ್ವರ ಕೂಡಿದರೆ, ಕಣ್ಣು ಹಳದಿಯಾಗಿ ಮೂತ್ರ ಕಪ್ಪು ಚಹಾದಂತೆ ಬಂದು ಮಲ ಬಿಳಿಚಿದರೆ, ನೋವು ಬೆನ್ನಿಗೆ ಹೊಡೆದು ವಾಂತಿ ನಿಲ್ಲದಿದ್ದರೆ, ಅಂದು ಪಾಳಿಯ ಮಾತೇ ಇಲ್ಲ. ಕಲ್ಲು ಜಾರಿ ಪಿತ್ತನಾಳದಲ್ಲಿ ಸಿಕ್ಕಿರಬಹುದು, ಚೀಲ ಕೀವು ತುಂಬಿರಬಹುದು, ಮೇದೋಜೀರಕ ಗ್ರಂಥಿ ಉರಿದಿರಬಹುದು. 108ಕ್ಕೆ ಫೋನು ಮಾಡಿ ಆ ರಾತ್ರಿಯೇ ಹೊರಡಬೇಕು. ಹಳದಿ ಕಣ್ಣಿಗೆ ಕಾಮಾಲೆಯ ಔಷಧ ಹಾಕಿಸಲು ಹಳ್ಳಿ ಹಳ್ಳಿ ತಿರುಗಿ ವಾರ ಕಳೆದವರ ಕಥೆ ಒಳ್ಳೆಯದಾಗಿ ಮುಗಿಯುವುದಿಲ್ಲ.

ಉಳಿದ ದಿನಗಳಲ್ಲಿ ಕರಿದದ್ದು, ತುಪ್ಪ, ಮಾಂಸದ ಕೊಬ್ಬು ಕಡಿಮೆ ಮಾಡಿದರೆ ಹಲವರಿಗೆ ನೋವು ವಿರಳವಾಗುತ್ತದೆ. ಕಲ್ಲು ಅದರಿಂದ ಕರಗದು. ಜೋಳದ ರೊಟ್ಟಿ, ಪಲ್ಯ, ಬೇಳೆ, ಮಜ್ಜಿಗೆಗೆ ಅಡ್ಡಿಯಿಲ್ಲ. ಶೇಂಗಾ ಹಿಂಡಿಗೆ ಎಣ್ಣೆ ಸುರಿದುಕೊಳ್ಳುವುದನ್ನು ಬಿಟ್ಟರಾಯಿತು. ಹೆದರಿ ಉಪವಾಸ ಬೀಳುವುದು ಮಾತ್ರ ಎಲ್ಲಕ್ಕಿಂತ ಕೆಟ್ಟದ್ದು, ಚೀಲದಲ್ಲಿ ಪಿತ್ತ ನಿಂತು ಮತ್ತಷ್ಟು ಗಟ್ಟಿಯಾಗುತ್ತದೆ. ನೋವಿಗೆ ಯಾವ ಗುಳಿಗೆ ನಮಗೆ ಆಗಿಬರುತ್ತದೆ ಎಂದು ಡಾಕ್ಟರರಿಂದ ಮೊದಲೇ ಬರೆಸಿಟ್ಟುಕೊಳ್ಳಬೇಕು. ಹೊಟ್ಟೆಹುಣ್ಣು, ಮೂತ್ರಪಿಂಡದ ದೋಷ ಇರುವವರು ಅಂಗಡಿಯಲ್ಲಿ ಕೇಳಿ ನುಂಗಬಾರದು.

ಈಗ ಪಾಳಿಯ ವಿಚಾರಕ್ಕೆ ಬರೋಣ. ಈ ಶಸ್ತ್ರಕ್ರಿಯೆ ಹೊಸದಲ್ಲ. ಬರ್ಲಿನ್ ನಗರದಲ್ಲಿ ಕಾರ್ಲ್ ಲಾಂಗೆನ್‌ಬುಖ್ ಎಂಬ ವೈದ್ಯ 1882ರ ಜುಲೈ 15ರಂದು ಮೊದಲ ಸಲ ಪಿತ್ತಕೋಶವನ್ನೇ ತೆಗೆದುಹಾಕಿದ. ಆ ಚೀಲ ಇಲ್ಲದೆಯೂ ಮನುಷ್ಯ ಚೆನ್ನಾಗಿ ಬದುಕುತ್ತಾನೆ, ಪಿತ್ತ ನೇರವಾಗಿ ಕರುಳಿಗೆ ಹರಿಯುತ್ತದೆ ಎಂದು ಅಂದಿನಿಂದ ಗೊತ್ತು. ತಪ್ಪಿದರೆ ಏನಾಗುತ್ತದೆಂಬುದೂ ಗೊತ್ತು. 1953ರಲ್ಲಿ ಇಂಗ್ಲೆಂಡಿನ ವಿದೇಶ ಮಂತ್ರಿ ಆಂಥೊನಿ ಈಡನ್‌ಗೆ ಲಂಡನ್ನಿನಲ್ಲಿ ಈ ಶಸ್ತ್ರಕ್ರಿಯೆ ಮಾಡುವಾಗ ಪಿತ್ತನಾಳಕ್ಕೇ ಪೆಟ್ಟುಬಿದ್ದು, ಅಮೇರಿಕೆಯ ಬಾಸ್ಟನ್ ತನಕ ಹೋಗಿ ಸರಿಮಾಡಿಸಿಕೊಳ್ಳಬೇಕಾಯಿತು. ಅಮೇರಿಕೆಯ ಅಧ್ಯಕ್ಷ ಜಾನ್ಸನ್ 1965ರಲ್ಲಿ ಇದೇ ಶಸ್ತ್ರಕ್ರಿಯೆಯಾದ ಮೇಲೆ ಅಂಗಿ ಎತ್ತಿ ಪತ್ರಕರ್ತರಿಗೆ ಗಾಯದ ಗುರುತನ್ನೇ ತೋರಿಸಿದ. ಈಗ ಅಷ್ಟುದ್ದ ಕೊಯ್ಯುವುದು ಕಡಿಮೆ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಸಣ್ಣ ತೂತಿನಿಂದ ಕೊಳವೆ ಇಳಿಸಿ ಚೀಲ ತೆಗೆದ. ಭಾರತದಲ್ಲಿ ತೆಹೆಮ್ಟನ್ ಉದ್ವಾಡಿಯಾ ಅವರು 1990ರಲ್ಲಿ ಅದನ್ನು ಆರಂಭಿಸಿದ್ದು ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ. ಅದು ಸರಕಾರಿ ದವಾಖಾನೆ ಎಂಬುದನ್ನು ಓದುಗರು ಗಮನಿಸಬೇಕು. ಪಿತ್ತನಾಳಕ್ಕೆ ಪೆಟ್ಟಾಗುವ ಸಂಭವ ಇಂದು ಸಾವಿರಕ್ಕೆ ಮೂರರಿಂದ ಐದು. ಬಡವರ ಆಸ್ಪತ್ರೆಯಲ್ಲಿ ಹುಟ್ಟಿಕೊಂಡ ವಿದ್ಯೆ ಮೂವತ್ತೈದು ವರ್ಷಗಳ ಮೇಲೆ ಸುರಪುರದ ಬಡವನಿಗೆ ಏಕೆ ಇಷ್ಟು ದೂರ?

ಡಾಕ್ಟರರು ಸೋಮಾರಿಗಳು ಎಂದು ಬೈದರೆ ಕೈ ತಟ್ಟುವವರು ಸಿಗುತ್ತಾರೆ, ಆದರೆ ಕಾರಣ ಅದಲ್ಲ. ಈ ಶಸ್ತ್ರಕ್ರಿಯೆಗೆ ಕೊಯ್ಯುವವರೊಬ್ಬರಿದ್ದರೆ ಸಾಲದು. ಪೂರ್ತಿ ಅರಿವಳಿಕೆ ಕೊಡುವವರು ಬೇಕು, ಯಂತ್ರ ಬೇಕು, ನರ್ಸು ಬೇಕು, ಮೇಜು ಖಾಲಿ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆ ದಿನ ಹೋಯಿತು. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ನಮ್ಮ ಮೂರೂ ತಾಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿ ಇಟ್ಟಿತು. 2010ರಲ್ಲಿ ಯಾದಗಿರಿ ಜಿಲ್ಲೆಯಾಯಿತು. 371(ಜೆ) ಕಲಮು ಬಂತು. 2022ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಬಂತು. ಇವು ಸಣ್ಣ ಸಂಗತಿಗಳಲ್ಲ, ಕೇಳಿ ಪಡೆದವು. ಕಟ್ಟಡ ಕಂಡ ಮೇಲೆ ಇನ್ನು ಕೇಳಬೇಕಾದದ್ದು ಕಟ್ಟಡದೊಳಗಿನ ಲೆಕ್ಕ.

2018ರಲ್ಲಿ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಎಂದಿದೆ. ಆದರೆ ಕ್ರಮ ಹೀಗೆ: ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಸಾಧ್ಯವಿಲ್ಲವೆಂದಾದರೆ ಶಿಫಾರಸು ಚೀಟಿ ಪಡೆದು ಬೇರೆ ಕಡೆ ಹೋಗಬೇಕು. ಪ್ರಾಣಾಪಾಯದ ತುರ್ತಿಗೆ ಮಾತ್ರ ಚೀಟಿ ಬೇಡ. ಸರಕಾರಿ ದವಾಖಾನೆಯನ್ನು ಬದಿಗೊತ್ತಿ ಖಾಸಗಿಯವರ ಗಲ್ಲಾ ತುಂಬಬಾರದೆಂಬ ಉದ್ದೇಶಕ್ಕೆ ನಮ್ಮ ಸಮ್ಮತಿಯಿದೆ. ಆದರೆ ‘ಆಗುವುದಿಲ್ಲ’ ಎಂದೂ ಬರೆದುಕೊಡದೆ, ‘ಇಂಥ ದಿನ ಮಾಡುತ್ತೇವೆ’ ಎಂದೂ ಬರೆದುಕೊಡದೆ ‘ಬರೋ ವಾರ’ ಎಂದರೆ, ಚೀಟಿಯೂ ಇಲ್ಲ, ಶಸ್ತ್ರಕ್ರಿಯೆಯೂ ಇಲ್ಲ. ಆ ಸಂದಿಯಲ್ಲಿ ಮನುಷ್ಯ ನೋವಿನೊಡನೆ ಸಿಕ್ಕಿಬೀಳುತ್ತಾನೆ, ಕಲ್ಲು ನಾಳದಲ್ಲಿ ಸಿಕ್ಕಿಬಿದ್ದಂತೆ.

ಸಣ್ಣ ವ್ಯಾಪಾರಿಯ ಸ್ಥಿತಿ ಇನ್ನೂ ವಿಚಿತ್ರ. ಕಿರಾಣಿ ಅಂಗಡಿ ಇದೆ ಎಂಬ ಕಾರಣಕ್ಕೆ ಅವನ ಕಾರ್ಡು ಎ.ಪಿ.ಎಲ್. ಯೋಜನೆ ಅವನಿಗೆ ಕೊಡುವುದು ದರದ ನೂರಕ್ಕೆ ಮೂವತ್ತು ಪಾಲು, ಅದೂ 1,50,000 ರೂಪಾಯಿಯ ಮಿತಿಯಲ್ಲಿ. ಅಂಗಡಿಯ ಬಾಗಿಲು ಹದಿನೈದು ದಿನ ಮುಚ್ಚಿದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ, ಉದ್ರಿ ವಸೂಲಾಗುವುದಿಲ್ಲ. ಅದಕ್ಕೇ ಅವನು ದೀಪಾವಳಿ ಮುಗಿಯಲಿ, ಯುಗಾದಿ ಮುಗಿಯಲಿ ಎನ್ನುತ್ತ ತಾನೇ ತಾರೀಖು ಮುಂದೂಡುತ್ತಾನೆ. ಸರಕಾರ ಮುಂದೂಡಿದ್ದಕ್ಕೆ ಸರಕಾರವನ್ನು ಕೇಳಬಹುದು, ಇದಕ್ಕೆ ಯಾರನ್ನು ಕೇಳಬೇಕು?

ಮಿಲ್ ಕೂಲಿಕಾರರು ಮಾತ್ರ ಕೇಳಲೇಬೇಕಾದ ಒಂದು ಪ್ರಶ್ನೆಯಿದೆ. ಕಾರ್ಮಿಕರ ರಾಜ್ಯ ವಿಮೆಯ ಕಾಯಿದೆ 1948ರಲ್ಲಿ ಆಯಿತು, 1952ರ ಫೆಬ್ರುವರಿ 24ರಂದು ಕಾನಪುರ ಮತ್ತು ದಿಲ್ಲಿಗಳಲ್ಲಿ ಜಾರಿಗೆ ಬಂತು. ಕಾಯಿಲೆ ಬಿದ್ದ ಕಾರ್ಮಿಕನಿಗೆ ಔಷಧವೂ ಸಿಗಬೇಕು, ಕೂಲಿಯೂ ನಿಲ್ಲಬಾರದು ಎಂಬುದು ಅದರ ಜೀವಾಳ. ನಿಗದಿಯಾದಷ್ಟು ದಿನ ವಂತಿಗೆ ಕಟ್ಟಿದವನಿಗೆ ಕಾಯಿಲೆಯ ದಿನಗಳಲ್ಲಿ ಪಗಾರದ ನೂರಕ್ಕೆ ಎಪ್ಪತ್ತು ಪಾಲು, ವರ್ಷಕ್ಕೆ 91 ದಿನಗಳವರೆಗೆ ಸಿಗುವ ವ್ಯವಸ್ಥೆ ಅದರಲ್ಲಿದೆ. ನಮ್ಮ ಪಕ್ಕದ ಕಲಬುರಗಿಯಲ್ಲಿಯೇ ಆ ನಿಗಮದ ದೊಡ್ಡ ಆಸ್ಪತ್ರೆಯಿದೆ. ಆದರೆ ಅದೇ ಕಾಯಿದೆ ‘ಹಂಗಾಮಿ ಕಾರ್ಖಾನೆ’ಗಳನ್ನು ಹೊರಗಿಟ್ಟಿತು. ಯಾವುವು ಹಂಗಾಮಿ ಕಾರ್ಖಾನೆಗಳು? ಪಟ್ಟಿಯ ಮೊದಲ ಹೆಸರೇ ಹತ್ತಿ ಜಿನ್ನಿಂಗ್. ಅದರ ಬೆನ್ನಿಗೆ ಹತ್ತಿ ಪ್ರೆಸ್ಸಿಂಗ್, ಶೇಂಗಾ ಸುಲಿಯುವುದು. ನಮ್ಮ ಮೂರು ತಾಲೂಕುಗಳ ಮಿಲ್ಲುಗಳ ಹೆಸರನ್ನು ನೋಡಿಕೊಂಡೇ ಬರೆದರೋ ಎನ್ನುವಂತಿದೆ! 2020ರ ಸಾಮಾಜಿಕ ಭದ್ರತಾ ಸಂಹಿತೆ ಆ ಹಳೆಯ ಕಾಯಿದೆಯ ಜಾಗಕ್ಕೆ ಬಂದು, 2025ರ ನವೆಂಬರ್ 21ರಂದು ಜಾರಿಯಾಯಿತು. ಹಳೆಯ ಮನೆ ಕೆಡವಿ ಹೊಸದು ಕಟ್ಟಿದರೂ ಈ ಬಾಗಿಲನ್ನು ಮಾತ್ರ ಮುಚ್ಚಿಯೇ ಇಟ್ಟರು. ಹಂಗಾಮಿ ಕಾರ್ಖಾನೆ ಇಂದಿಗೂ ಹೊರಗೇ.

ಜಿನ್ನಿಂಗ್ ಕೆಲಸ ಹಂಗಾಮಿನದು, ಒಪ್ಪೋಣ. ಅದರ ಕೂಲಿಕಾರನ ಪಿತ್ತಕೋಶವೂ ಹಂಗಾಮಿನದೇ? ಮಿಲ್ಲು ಐದು ತಿಂಗಳು ನಡೆದರೆ ಐದು ತಿಂಗಳಿಗೆ ವಂತಿಗೆ ಹಿಡಿಯಲಿ, ಮಾಲಕರದ್ದೂ ಹಿಡಿಯಲಿ. ದಿನಕ್ಕೆ ಎಷ್ಟು ಗಂಟು ಕಟ್ಟಿದರೆಂದು ಲೆಕ್ಕವಿಡಬಲ್ಲ ಗುಮಾಸ್ತೆ ಎಷ್ಟು ದಿನ ಯಾರು ದುಡಿದರೆಂದೂ ಲೆಕ್ಕವಿಡಬಲ್ಲ. ಮತ್ತೊಂದು ಸಂಗತಿ. ಬೇಳೆ ಮಿಲ್ಲು, ಅಕ್ಕಿ ಮಿಲ್ಲು ಆ ಪಟ್ಟಿಯಲ್ಲಿಲ್ಲ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಇಂಥ ಮಿಲ್ಲಿನ ಕೂಲಿಕಾರರು ತಮ್ಮ ಹೆಸರು ವಿಮೆಯಲ್ಲಿ ದಾಖಲಾಗಿದೆಯೇ ಎಂದು ಈ ವಾರವೇ ಕೇಳಲಿ. ನಾರಾಯಣಪುರದ ಕಾಲುವೆ ಬಂದ ಮೇಲೆ ಶಹಾಪುರ, ಸುರಪುರಗಳ ಕಡೆ ಭತ್ತ ಬಂತು, ಅಕ್ಕಿ ಮಿಲ್ಲು ಬಂತು. ವಿಮೆಯ ಪುಸ್ತಕವೂ ಬರಬೇಡವೇ?

ದವಾಖಾನೆಗಳಿಂದ ನಾವು ಕೇಳುವುದು ಕೋಟಿ ರೂಪಾಯಿಯ ಯಂತ್ರವನ್ನಲ್ಲ. ಹೆಸರು ಬರೆಸಿದ ದಿನವೇ ಒಂದು ನಂಬರು ಕೊಡಲಿ. ಆ ವಾರ ಯಾವ ನಂಬರಿನ ತನಕ ಆಗಿದೆ ಎಂದು ಗೋಡೆಯ ಕರಿಹಲಗೆಯ ಮೇಲೆ ಬರೆಯಲಿ. ಹೆಸರು ಬೇಡ, ನಂಬರು ಸಾಕು. ಶಾಸಕರ ಫೋನು ಬಂದವನ ನಂಬರು ಮುಂದೆ ಹಾರಿದರೆ ಆಗ ಎಲ್ಲರಿಗೂ ಕಾಣುತ್ತದೆ. ತಾರೀಖು ತಪ್ಪಿದರೆ ಹಿಂದಿನ ಸಂಜೆಯೇ ಫೋನು ಮಾಡಿ ಹೇಳಲಿ, ಸುರಪುರದಿಂದ ಬಸ್ಸಿನ ಖರ್ಚು ಹಾಕಿಕೊಂಡು ಬರಿಹೊಟ್ಟೆಯಲ್ಲಿ ಬಂದು ಕೂರುವುದಾದರೂ ತಪ್ಪುತ್ತದೆ. ಇಷ್ಟು ದಿನದೊಳಗೆ ಆಗದಿದ್ದರೆ ಕೇಳದೆಯೇ ಶಿಫಾರಸು ಚೀಟಿ ಕೊಡಲಿ. ಯಾವ ಲಕ್ಷಣ ಕಂಡರೆ ಓಡಿಬರಬೇಕು ಎಂಬ ನಾಲ್ಕು ಸಾಲುಗಳ ಕನ್ನಡದ ಚೀಟಿಯೊಂದನ್ನು ಸ್ಕ್ಯಾನಿಂಗ್ ವರದಿಗೆ ಅಂಟಿಸಲಿ. ಓದಲು ಬಾರದವರಿಗೆ ಆಶಾ ಕಾರ್ಯಕರ್ತೆಯರು ಓದಿ ಹೇಳಿಯಾರು. ಅರಿವಳಿಕೆಯ ಡಾಕ್ಟರರು ಶಹಾಪುರಕ್ಕೆ ವಾರದಲ್ಲಿ ಇಂಥ ದಿನ, ಸುರಪುರಕ್ಕೆ ಇಂಥ ದಿನ ಎಂದು ಗೊತ್ತುಮಾಡಿದರೆ, ಎರಡೂ ಊರಿನ ಪಾಳಿ ಯಾದಗಿರಿಯ ಒಂದೇ ಬಾಗಿಲಲ್ಲಿ ಸೇರುವುದು ತಪ್ಪುತ್ತದೆ.

ಕೊನೆಗೆ ಮಿಲ್ಲಿನ ಮುಕಾದಮರಿಗೂ ಅಡತ್ ಅಂಗಡಿಯ ಧಣಿಗಳಿಗೂ ಒಂದು ಮಾತು. ತೂತಿನ ಶಸ್ತ್ರಕ್ರಿಯೆಯಾದವನು ಒಂದೆರಡು ದಿನಕ್ಕೆ ಮನೆಗೆ ಬರುತ್ತಾನೆ, ಎದ್ದು ಓಡಾಡುತ್ತಾನೆ. ಅವನನ್ನು ನೋಡಿ ‘ಗಟ್ಟಿ ಅದಾನಲ್ಲ’ ಎಂದು ಮರುವಾರವೇ 50 ಕಿಲೋದ ಚೀಲ ಬೆನ್ನಿಗೆ ಹಾಕಬೇಡಿ. ಎರಡರಿಂದ ನಾಲ್ಕು ವಾರ ಭಾರ ಎತ್ತಬಾರದು. ಹೊಟ್ಟೆ ಕೊಯ್ದು ತೆಗೆದಿದ್ದರೆ ಆರು ವಾರ. ಆ ದಿನಗಳಲ್ಲಿ ಅವನನ್ನು ತೂಕದ ಕಾಟಾದ ಹತ್ತಿರ ಚೀಟಿ ಬರೆಯಲು ಕೂರಿಸಬಹುದು, ಗೇಟಿನಲ್ಲಿ ಗಾಡಿ ಎಣಿಸಲು ನಿಲ್ಲಿಸಬಹುದು. ಅದಕ್ಕೂ ಆಗದಿದ್ದರೆ ಅವನ ಜಾಗಕ್ಕೆ ಬೇರೆಯವನನ್ನು ಕಾಯಂ ಮಾಡದೆ, ಅವನ ಹೆಸರನ್ನು ಹಾಜರಿ ಪುಸ್ತಕದಲ್ಲಿ ಹಾಗೆಯೇ ಉಳಿಸಬಹುದು.